ಊರನ್ನೆಲ್ಲ ಅಳಿಸಿದ ಮೈಕ್‌ಸೆಟ್

ಅಳುವ ಹಾಡು ಹಾಕುವವನನ್ನು ನಗುವ ಪ್ರಸಂಗಗಳು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತವೆ. ಸೇಡಂನಲ್ಲಿ ಮೂವತ್ತು ವರ್ಷದಿಂದ ನನ್ನದು ಮೈಕ್‌ಸೆಟ್ ಅಂಗಡಿ. ಮೊದಮೊದಲು ಕ್ಯಾಸೆಟ್ ತುಂಬಿಕೊಡುತ್ತಿದ್ದೆ, ಈಗ ಪೆನ್‌ಡ್ರೈವ್. ಕಾಲ ಬದಲಾದರೂ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಹೊತ್ತಿಗೆ ತವರಿನ ಹಾಡು ಬೇಕೇ ಬೇಕು. ಹಾಡಿಲ್ಲದೆ ಅಳು ಬರುವುದಿಲ್ಲ. ಅಳದಿದ್ದರೆ "ಮಗಳನ್ನ ಕಳಿಸಿ ಖುಷಿ ಆಗ್ಯಾರ" ಅಂತ ನಾಲ್ಕು ಮಂದಿ ಆಡಿಕೊಳ್ಳುತ್ತಾರೆ. ಹೀಗೆ ಎಷ್ಟೋ ಮನೆಗಳ ಮರ್ಯಾದೆ ಉಳಿಸಿದವನು ನಾನು. ಆದರೆ ನನ್ನ ಕಣ್ಣಿನಿಂದ ಮಾತ್ರ ಒಂದು ಹನಿ ಉದುರಿದ್ದಿಲ್ಲ. ದಿನಾ ಮೆಣಸಿನಕಾಯಿ ಕುಟ್ಟುವವರಿಗೆ ಘಾಟು ತಿಳಿಯುವುದಿಲ್ಲವಲ್ಲ, ಹಾಗೆ.

ಈ ಬೇಸಿಗೆಯಲ್ಲಿ ನನ್ನ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಅವಳು ಕೇಳಿದ್ದು ಒಂದೇ. "ಅಪ್ಪಾ, ಬಂಗಾರ ಗಿಂಗಾರ ಬ್ಯಾಡ. ನಾ ಹೊಂಟಾಗ ನೀ ಜರಾ ಅಳಬೇಕು ನೋಡು."

ಆಗಲಿ ಅಂದೆ. ಆದರೆ ಅಳು ಬಾರದಿದ್ದರೆ ಏನು ಗತಿ? ಸ್ವಲ್ಪ ರೂಢಿಯಾಗಲಿ ಎಂದು ಹಳೆಯ ದುಃಖದ ಸಂಗತಿಗಳನ್ನೆಲ್ಲ ನೆನಪಿಸಿಕೊಳ್ಳುತ್ತ ಅಂಗಡಿಯಲ್ಲಿ ಕೂತೆ. ನೆನಪಾದದ್ದೆಲ್ಲ ಬೇರೆಯೇ.

೧. ಎರಡೂ ಬದಿ

ಕ್ಯಾಸೆಟ್ ಕಾಲದ ಮಾತು. ವಾಡಿಯಿಂದ ಗೂಡ್ಸ್ ಗಾಡಿಯ ಡ್ರೈವರ್ ಒಬ್ಬರು ಬಂದರು. ಬಾಗಿಲು ತುಂಬುವ ಆಳು, ಮೇಲೆ ಗಿರಿಜಾ ಮೀಸೆ. ತಾಯಿಯನ್ನು ಕಳೆದುಕೊಂಡ ಮಗನ ಹಾಡೊಂದು ಆಗ ಎಲ್ಲರ ಬಾಯಲ್ಲಿತ್ತು. ಅದನ್ನು ತುಂಬಿಕೊಡಬೇಕಂತೆ.

"ಬಾಕಿ ಜಾಗಾಕ್ಕ ಯಾವ ಹಾಡು ತುಂಬ್ಲಿರಿ?" ಎಂದೆ.

"ಅದೇ. ಎರಡೂ ಬದಿ ಅದೇ ತುಂಬ್ರಿ. ಹಿಂದಕ್ಕ ತಿರುಗಿಸೋತನಕ ಅಳು ನಿಂತು ಹೋಗತದ."

ತುಂಬಿಕೊಟ್ಟೆ. ವಾರ ಕಳೆದಿರಲಿಲ್ಲ, ಒಬ್ಬ ಮುದುಕಿ ಅದೇ ಕ್ಯಾಸೆಟ್ ಹಿಡಿದು ಅಂಗಡಿ ಹತ್ತಿದಳು. ಡ್ರೈವರ್ ಸಾಹೇಬರ ತಾಯಿ! ಒಳ್ಳೆ ಗಟ್ಟಿಮುಟ್ಟಾಗಿದ್ದಳು.

"ಯಪ್ಪಾ, ನನ್ನ ಮಗ ಡ್ಯೂಟಿ ಮುಗಿಸಿ ಬಂದವನೇ ಇದನ್ನ ಹಚ್ಚಿ ಅವ್ವಾ ಅವ್ವಾ ಅಂತ ಅಳಲಾಕತ್ತಾನ. ಮೊನ್ನಿ ಬಾಜೂ ಮನಿಯವರು ನಾ ಸತ್ತೀನಂತ ತಿಳದು ಅನ್ನ ಸಾರು ಮಾಡಿ ತಂದ್ರು. ಬಾಗಲಾ ನಾನೇ ತೆಗದೆ."

"ಮತ್ತ ಏನ್ ಮಾಡಿದಿ ಅವ್ವಾ?"

"ಏನ್ ಮಾಡ್ಲಿ? ತಂದದ್ದು ವಾಪಸ್ ಕಳಸಬಾರದಂತ ಉಂಡೆ. ಈಗ ಇದ್ರಾಗ ಹೆಂಡ್ತಿ ಸತ್ತ ಹಾಡು ತುಂಬಿ ಕೊಡು. ಸೊಸಿ ಎಷ್ಟು ದಿನ ತಡಕೋತಾಳ ನೋಡ್ತೀನಿ."

೨. ಹುಗ್ಗಿಯ ಸೌಟು

ಚಿತ್ತಾಪುರದ ಒಂದು ಮದುವೆ. ಅಕ್ಕಿಕಾಳು ಬಿದ್ದು ಊಟ ಮುಗಿಯುತ್ತ ಬಂದಿತ್ತು. ಮದುಮಗಳ ಕಾಕಾ ಬಂದು, "ಗಾಡಿ ಹೊಂಟದ, ಹಾಡು ಹಚ್ಚು" ಎಂದರು. ಹಚ್ಚಿದೆ. ಆ ಹಾಡಿನ ಗುಣ ನನಗೆ ಗೊತ್ತಿತ್ತು. ಮೊದಲ ಸಾಲಿಗೆ ಅತ್ತಿಗೆಯರು ಅತ್ತರು, ಎರಡನೆಯದಕ್ಕೆ ಓಣಿಯವರು, ಕಡೆಕಡೆಗೆ ಕಾರಿನ ಡ್ರೈವರ್ ಕೂಡ ಮೂಗು ಸೀಟಿದ. ಹಾಡು ಮುಗಿದು ಎಲ್ಲರೂ ಮುಖ ಒರೆಸಿಕೊಂಡರು. ಅಷ್ಟರಲ್ಲಿ ಹುಗ್ಗಿಯ ಸೌಟು ಹಿಡಿದುಕೊಂಡೇ ಮದುಮಗಳ ತಾಯಿ ಓಡಿ ಬಂದಳು. ಪಾಪ, ಕಡೆಯ ಪಂಕ್ತಿಗೆ ಬಡಿಸುತ್ತಿದ್ದಳು.

"ಹಡದಾಕಿ ನಾನು. ನಾ ಬರೋಕಿಂತ ಮೊದಲೇ ನೀವೆಲ್ಲಾ ಹೆಂಗ ಅತ್ರಿ?"

ಆಕೆ ಸೌಟನ್ನು ನನ್ನ ಕಡೆ ತಿರುಗಿಸಿ, "ಅಣ್ಣಾ, ಮೊದಲಿಂದ ಹಚ್ಚು" ಎಂದಳು. ಮದುಮಗಳನ್ನು ಕಾರಿನಿಂದ ಇಳಿಸಿದರು. ಎಲ್ಲರೂ ತಮ್ಮತಮ್ಮ ಜಾಗಕ್ಕೆ ಹೋಗಿ ನಿಂತು ಮತ್ತೊಮ್ಮೆ ಅತ್ತರು.

ವಿಡಿಯೋದವನು ನನ್ನ ಕಿವಿಯಲ್ಲಿ ಹೇಳಿದ: "ಛಲೋ ಆಯ್ತು ಬಿಡ್ರಿ. ಮೊದಲನೇ ಸಲ ನಾ ಉಣ್ಣಲಾಕ ಹೋಗಿದ್ದೆ."

೩. ನಡುಗೋಡೆ

ಶಹಾಬಾದಿನಲ್ಲಿ ಅಣ್ಣತಮ್ಮಂದಿರಿಬ್ಬರು ಮನೆಯ ನಡುವೆ ಎದೆಮಟ್ಟದ ಕಲ್ಲುಗೋಡೆ ಕಟ್ಟಿಕೊಂಡು ಮಾತು ಬಿಟ್ಟಿದ್ದರು. ಅವರ ತಂಗಿ ತನ್ನ ಕೂಸಿಗೆ ಹೆಸರಿಡುವ ದಿನ ಇಬ್ಬರನ್ನೂ ಕರೆಸಿದಳು. ಒಡಹುಟ್ಟಿದವರ ಹಾಡು ಹಚ್ಚಬೇಕೆಂದು ನನಗೆ ಮೊದಲೇ ತಾಕೀತು ಮಾಡಿದ್ದಳು. ಹಾಡು ಅರ್ಧಕ್ಕೆ ಬರುವುದರೊಳಗೆ ಇಬ್ಬರೂ ತಬ್ಬಿಕೊಂಡು ಬಿಕ್ಕುತ್ತಿದ್ದರು.

"ಆ ಗೋಡಿ ಕೆಡವಮಿ ತಮ್ಮಾ" ಎಂದ ಅಣ್ಣ.

"ನಾಳಿಗೇ ಕೆಡವಮಿ" ಎಂದ ತಮ್ಮ.

ಹಾಡು ಮುಗಿಯಿತು. ಅಣ್ಣ ಕಣ್ಣೊರೆಸಿಕೊಂಡ. "ಕೆಡವಿದ ಕಲ್ಲು ಮಾತ್ರ ನನ್ನವು."

ಮೊನ್ನೆ ಆ ಕಡೆ ಹೋಗಿದ್ದಾಗ ಗೋಡೆ ನೋಡಿ ಬಂದೆ. ಮೊದಲಿಗಿಂತ ಎರಡು ಸಾಲು ಎತ್ತರವಾಗಿದೆ.

೪. ಯಾವ ಹಾಡು?

ಇಂಥವನ್ನೇ ನೆನೆದು ನಗುತ್ತ ಕೂತಿದ್ದಂತೆ ಮಗಳ ಮದುವೆ ಬಂದೇಬಿಟ್ಟಿತು. ಬೀಗರು ಚಿಂಚೋಳಿಯವರು. ಮದುವೆ ಸೇಡಂನಲ್ಲೇ. ಮೈಕ್‌ಸೆಟ್ಟನ್ನು ಬೇರೆಯವರ ಕೈಗೆ ಕೊಡಲು ಮನಸ್ಸು ಬಾರದೆ ನಾನೇ ಕೂತೆ. ಮುಂಜಾನೆಯಿಂದ ನೆಂಟರೆಲ್ಲ ನನ್ನ ಕಣ್ಣನ್ನೇ ನೋಡುತ್ತಿದ್ದರು. "ಈ ಮನಷ್ಯಾ ಅಳೋದಿಲ್ರಿ, ಸುಮ್ಕ ದಾರಿ ಕಾಯಬ್ಯಾಡ್ರಿ" ಎಂದು ನನ್ನ ಹೆಂಡತಿ ಎಲ್ಲರಿಗೂ ಹೇಳಿಟ್ಟಿದ್ದಳು.

ನಾಲ್ಕು ಗಂಟೆಗೆ ಕಾರು ಬಂತು. ನನ್ನ ಹತ್ತಿರ ಇದ್ದದ್ದರಲ್ಲೇ ಗಟ್ಟಿ ಹಾಡು ಹಚ್ಚಿದೆ. ಮಗಳು ಅವ್ವನ ಕೊರಳಿಗೆ ಬಿದ್ದು ಅತ್ತಳು. ಹಂದರದಲ್ಲಿದ್ದವರೆಲ್ಲ ಅತ್ತರು. ಆಮೇಲೆ ಅವಳು ಬಂದು ನನ್ನ ಕಾಲು ಮುಟ್ಟಿ, ಎದ್ದು ಮುಖ ನೋಡಿದಳು. ನನ್ನ ಕಣ್ಣು ಒಣಗಿಯೇ ಇತ್ತು. ಎಡಗೈ ಅವಳ ತಲೆಯ ಮೇಲಿತ್ತು, ಬಲಗೈ ತನ್ನಷ್ಟಕ್ಕೆ ತಾನೇ ಹಾಡಿನ ದನಿ ಏರಿಸಿ ಇಳಿಸಿ ಸರಿಮಾಡುತ್ತಿತ್ತು.

"ಇರ್ಲಿ ಬಿಡಪ್ಪಾ" ಎಂದಳು. ಹೋಗಿ ಕಾರಿನಲ್ಲಿ ಕೂತಳು. ಅವಳು ಕೇಳಿದ್ದ ಒಂದನ್ನೂ ಕೊಡಲಾಗಲಿಲ್ಲವಲ್ಲ ಎಂದು ನನಗೆ ಬಹಳ ಸಂಕಟವಾಯಿತು.

ಹಾಡು ಮುಗಿದ ಮೇಲೆ ಮೈಕ್ ಹಿಡಿದು ಒಂದು ಮಾತು ಕೂಗುವುದು ನಮ್ಮ ಕಸುಬಿನ ಪದ್ಧತಿ. ಸಾವಿರ ಸಲ ಕೂಗಿದ್ದೇನೆ. ಅವತ್ತೂ ಮೈಕ್ ಚಾಲೂ ಮಾಡಿದೆ. "ಬೀಗರು ಎಲ್ಲಾರೂ ಗಾಡಿ ಹತ್ರಿ. ಮದುಮಗಳ ಸಾಮಾನು ಏನರ ಇಲ್ಲಿ ಉಳದದೇನು, ನೋಡ್ಕೋರಿ. ಮದುಮಗಳ..."

ಇನ್ನು ಮನೆಯಲ್ಲಿ ಅವಳದು ಅಂತ ಏನು ಉಳಿಯುತ್ತದೆ ಎಂದು ಹೊಳೆದದ್ದೇ ತಡ, ಮೂವತ್ತು ವರ್ಷದ ಅಳು ಒಟ್ಟಿಗೇ ಬಂತು. ಯಾರಿಗೂ ಕಾಣಬಾರದೆಂದು ಸ್ಪೀಕರ್ ಡಬ್ಬಿಗಳ ಹಿಂದೆ ಕುಕ್ಕರಿಸಿ, ಮನಸಾರೆ ಅತ್ತೆ. ಮೈಕ್ ಕೈಯಲ್ಲೇ ಇದ್ದದ್ದು, ಅದು ಚಾಲೂ ಇದ್ದದ್ದು, ಎರಡರ ಪರಿವೆಯೂ ಇಲ್ಲ. ನನ್ನ ಬಿಕ್ಕು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ಹಂದರದ ಮಂದಿ ತಮ್ಮ ಅಳು ನಿಲ್ಲಿಸಿ ನನ್ನದನ್ನು ಕೇಳುತ್ತ ನಿಂತಿದ್ದರಂತೆ.

ಮಗಳು ಕಾರಿನಿಂದಿಳಿದು ಓಡಿ ಬಂದು ನನ್ನನ್ನು ಹಿಡಿದುಕೊಂಡಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಸಾಕಪ್ಪಾ, ಜರಾ ಅಳು ಅಂದಿದ್ದೆ" ಎಂದು ಮೈಕ್ ಬಂದ್ ಮಾಡಿದಳು.

ಅವಳ ಕಾರು ಚಿಂಚೋಳಿ ದಾರಿ ಹಿಡಿದು ಮರೆಯಾಗುವವರೆಗೆ ನೋಡಿ, ಮುಖ ತೊಳೆದು ಬಂದೆ. ಬಸ್ ಸ್ಟ್ಯಾಂಡ್ ಕಡೆಯಿಂದ ಯಾರೋ ಹಿರಿಯರು ಲಗುಬಗೆಯಿಂದ ಬಂದು ಮೈಕ್‌ಸೆಟ್ ಮುಂದೆ ನಿಂತಿದ್ದರು.

"ಈಗ ಹಚ್ಚಿದ್ದು ಯಾವ ಹಾಡ್ರಿ? ಬರೋ ವಾರ ನನ್ನ ಮಗಳ ಮದುವಿ ಅದ, ಅದನ್ನೇ ಹಚ್ಚಬೇಕು. ಹಾಡೋವನ ದನಿ ಏನೇನೂ ಛಲೋ ಇಲ್ಲ. ಆದ್ರ ಅಳೋದು ಮಾತ್ರ ಖರೇ ಅನಸ್ತದ."