ಮಳೆ ಕಾಣದ ವೈಪರು

ಹೊಸದುರ್ಗದ ಡಾಕ್ಟರೊಬ್ಬರ ಕಾರನ್ನು ಇಪ್ಪತ್ತು ವರ್ಷ ಓಡಿಸಿದವನು ನಾನು. ಎಂಜಿನ್ನು ಕೆಟ್ಟ ಕಥೆ, ಬ್ರೇಕು ಕೈಕೊಟ್ಟ ಕಥೆ ಯಾವ ಡ್ರೈವರನ್ನು ಕೇಳಿದರೂ ಸಿಗುತ್ತದೆ. ನನ್ನನ್ನು ನಗಿಸಿದ್ದೂ, ಕೊನೆಗೆ ಬಾಯಿ ಮುಚ್ಚಿಸಿದ್ದೂ ಗಾಜು ಒರೆಸುವ ಗೇಣುದ್ದ ರಬ್ಬರು. ಅದರ ಸುತ್ತ ಏನಾದರೊಂದು ನಡೆಯುತ್ತಲೇ ಇರುತ್ತಿತ್ತು.

೧. ಬಿಸಿಲಿಗೆ ಸವೆದದ್ದು

ಬೇರೆ ಕಡೆ ವೈಪರು ಮಳೆಗೆ ಸವೆಯುತ್ತದೆ. ನಮ್ಮಲ್ಲಿ ಬಿಸಿಲಿಗೆ ಒಣಗಿ, ಕೆಲಸ ಮಾಡದೆಯೇ ಮುದಿಯಾಗುತ್ತದೆ. ನಮ್ಮ ಕಾರಿನದಕ್ಕೆ ಬೇರೆ ಕೆಲಸಗಳಿದ್ದವು. ಡಾಕ್ಟರು ಸಿಗದಿದ್ದಾಗ ಹಳ್ಳಿಯವರು ಅದರಡಿಗೆ ಚೀಟಿ ಸಿಕ್ಕಿಸಿ ಹೋಗುತ್ತಿದ್ದರು. ಮನೆ ಮುಂದೆ ನಿಲ್ಲಿಸಿದರೆ ಡಾಕ್ಟರ ತಾಯಿ ಅದರ ಮೇಲೆ ಒದ್ದೆ ಟವೆಲ್ಲು ಹರವುತ್ತಿದ್ದರು.

ಒಂದು ಸೋಮವಾರ ರಬ್ಬರು ಕೈಗೇ ಚೂರುಚೂರಾಗಿ ಬಂತು. ಹೊಸದು ತರಲು ಚಿತ್ರದುರ್ಗದ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಅಂಗಡಿಯವರು ಹಳೆಯದರ ಚೂರೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಎಷ್ಟು ಮಳೆ ಕಂಡೈತ್ರಿ ಇದು?"

"ಈ ವರ್ಷ ಒಂದೂ ಇಲ್ರಿ."

"ಮತ್ತೆ ಹೊಸದು ಯಾಕೆ?"

"ಟವೆಲ್ಲು ಜಾರ್ತೈತ್ರಿ."

೨. ಕುಂಕುಮದ ಗಾಜು

ಹೊಸ ಬ್ಲೇಡು ಹಾಕಲು ಹೊರಟರೆ ಡಾಕ್ಟರ ತಾಯಿ ಅಡ್ಡ ಬಂದರು. "ಶುಕ್ರವಾರ ಪೂಜೆ ಆಗ್ಲಿ, ಆಮೇಲೆ ಹಾಕಪ್ಪ," ಎಂದು ಅದನ್ನು ದೇವರ ಮನೆಯಲ್ಲಿಟ್ಟರು. ನಮ್ಮ ಡಾಕ್ಟರು ಊರಿಗೆಲ್ಲ ಡಾಕ್ಟರು, ತಾಯಿಯ ಮುಂದೆ ಕಾಂಪೌಂಡರು.

ನನಗೋ ಹಿಂದಿನ ವರ್ಷದ ಆಯುಧಪೂಜೆ ನೆನಪಾಯಿತು. ಆಗಲೂ ಈ ಅಮ್ಮನೇ ವೈಪರಿನುದ್ದಕ್ಕೂ ಕುಂಕುಮ ಬಳಿದಿದ್ದರು. ಮರುದಿನ ಹೊಳಲ್ಕೆರೆ ದಾರಿಯಲ್ಲಿ ನಾಲ್ಕು ಹನಿ ಬಿತ್ತೆಂದು ವೈಪರು ಹಾಕಿದೆ. ಗಾಜೆಲ್ಲ ಕೆಂಪಾಯಿತು. ಎದುರಿದ್ದ ಪೊಲೀಸಿನವರು ಕೈಯೆತ್ತಿ ನಿಲ್ಲಿಸಿ, "ಯಾರಿಗೆ ಗುದ್ಕಂಡು ಬಂದೆ?" ಎಂದರು.

"ಯಾರಿಗೂ ಇಲ್ಲ ಸಾರ್, ಪೂಜೆ ಮಾಡ್ಸಿದ್ವಿ."

ಅವರು ಗಾಜಿಗೆ ಬೆರಳು ಹಚ್ಚಿ ಮೂಸಿದರು. ಆಮೇಲೆ ಅದೇ ಬೆರಳಿನಿಂದ ತಮ್ಮ ಹಣೆಗೊಂದು ಬೊಟ್ಟಿಟ್ಟುಕೊಂಡು, "ಹೋಗ್ರಿ, ಒಳ್ಳೇದಾಗ್ಲಿ," ಎಂದರು.

೩. ಮೈಮೇಲೆ ಬಟ್ಟೆ

ಶುಕ್ರವಾರಕ್ಕೆ ಇನ್ನೂ ಎರಡು ದಿನ ಇತ್ತು. ಬುಧವಾರ ಮಧ್ಯಾಹ್ನ ಮತ್ತೋಡಿನ ಕಡೆಯ ಕುರುಬರ ಅಜ್ಜನೊಬ್ಬ ಓಡಿಬಂದ. ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಕುಡುಗೋಲು. ಸೊಸೆಗೆ ನೋವು ಶುರುವಾಗಿ ಒಂದು ದಿನ ಕಳೆದಿದೆ, ಮಗು ಬರುತ್ತಿಲ್ಲ. ಡಾಕ್ಟರು ಬ್ಯಾಗು ಹಿಡಿದು ಕಾರು ಹತ್ತಿದರು. ಅಜ್ಜ ನನ್ನ ಪಕ್ಕ ಕುಳಿತ.

ಊರು ದಾಟಿ ಮೂರು ಮೈಲಿ ಹೋಗಿಲ್ಲ, ವರ್ಷವಿಡೀ ಬಾರದ ಮಳೆ ಒಟ್ಟಿಗೇ ಬಂತು. ವೈಪರು ಹಾಕಿದರೆ ಬರಿಯ ತಗಡು ಗಾಜಿನ ಮೇಲೆ ಕಿರ್ರೆಂದಿತು. ರಸ್ತೆ ಕಾಣದೆ ಕಾರು ನಿಲ್ಲಿಸಿದೆ.

"ಹೊಸ ಬ್ಲೇಡು ಎಲ್ಲಿ?" ಡಾಕ್ಟರು ಕೇಳಿದರು.

"ದೇವರ ಮನೇಲೈತೆ ಸಾರ್."

ಡಾಕ್ಟರು ಗಡಿಯಾರ ನೋಡಿಕೊಂಡು, "ಇನ್ನು ತಡ ಆದ್ರೆ ಇಬ್ರೂ ಉಳಿಯಲ್ಲ," ಎಂದರು.

ಅಜ್ಜ ಬಾಗಿಲು ತೆಗೆದು ಇಳಿದ. ವೈಪರನ್ನು ಎತ್ತಿ, ಕುರಿಯ ಕಾಲು ನೋಡುವಂತೆ ನೋಡಿ, "ಇದ್ರ ಮೈಮೇಲೆ ಬಟ್ಟೆನೇ ಇಲ್ಲ ಕಣಪ್ಪ," ಎಂದ. ಕುಡುಗೋಲು ತೆಗೆದು ಕಂಬಳಿಯ ಅಂಚಿಗೆ ಹಚ್ಚಿದ. ಅವನಿಗೆ ಹಾಸಿಗೆ, ಕೊಡೆ ಎಲ್ಲವೂ ಅದೊಂದೇ ಕಂಬಳಿ.

"ಅಜ್ಜ, ಕಂಬಳಿ ಹಾಳಾಗ್ತೈತೆ," ಎಂದೆ.

"ಕಂಬಳಿ ಇನ್ನೊಂದು ನೇಯ್ಕಂತೀವಿ. ಸೊಸೇನ ಎಲ್ಲಿಂದ ನೇಯಾಣ?"

ಪಟ್ಟಿಯನ್ನು ತಗಡಿಗೆ ಮೂರು ಸುತ್ತು ಸುತ್ತಿ ಉಣ್ಣೆ ದಾರದಿಂದ ಬಿಗಿದ. ಹುಣಸೆ ಬೀಜದ ಗಂಜಿ ಕುಡಿಸಿದ ಕಂಬಳಿ, ನೀರು ಹೀರಿಕೊಳ್ಳುವುದಿಲ್ಲ. ಹಾಕಿ ನೋಡಿದೆ. ಒಂದೇ ಸಲಕ್ಕೆ ಗಾಜು ತಿಳಿಯಾಗಿ, ರಸ್ತೆ, ಜಾಲಿಮರ, ದೂರದ ಗುಡ್ಡ ಎಲ್ಲ ಕಂಡವು. ಅಷ್ಟು ವರ್ಷ ಸ್ಟೇರಿಂಗ್ ಹಿಡಿದಿದ್ದ ನಾನು, ಅದೇ ಮೊದಲ ಸಲ ಕಾರು ಹತ್ತಿದ ಮನುಷ್ಯನನ್ನು ಬೆರಗಾಗಿ ನೋಡುತ್ತ ಕುಳಿತೆ. "ನನ್ನೇನು ನೋಡ್ತೀಯಪ್ಪ, ರಸ್ತೆ ನೋಡು," ಎಂದ ಅಜ್ಜ.

ಅಜ್ಜನ ಮನೆ ಮುಟ್ಟಿದ ಅರ್ಧ ಗಂಟೆಗೆ ಒಳಗಿನಿಂದ ಮಗುವಿನ ಅಳು ಕೇಳಿತು. ಹೆಣ್ಣು ಮಗು, ತಾಯಿಯೂ ಕ್ಷೇಮ. ಅಜ್ಜ ಹೊರಗೆ ಬಂದು ಅಂಚಿಲ್ಲದ ಕಂಬಳಿಯಲ್ಲಿ ಮುಖ ಒರೆಸಿಕೊಂಡ. ನನ್ನ ಕಣ್ಣೂ ತುಂಬಿತ್ತು, ನಾಚಿಕೆಯೇನೂ ಆಗಲಿಲ್ಲ.

ಶುಕ್ರವಾರ ಅಮ್ಮ ಪೂಜೆ ಮಾಡಿದ್ದು ಕಂಬಳಿಯ ಪಟ್ಟಿಗೆ. ಹೊಸ ಬ್ಲೇಡು ದೇವರ ಮನೆಯಲ್ಲೇ ಉಳಿಯಿತು. ಮುಂದಿನ ತಿಂಗಳು ಡಾಕ್ಟರನ್ನು ಕೂರಿಸಿಕೊಂಡು ಚಿತ್ರದುರ್ಗಕ್ಕೆ ಹೋದಾಗ ಅದೇ ಅಂಗಡಿಯವರು ಕಾರಿನ ಹತ್ತಿರ ಬಂದು ಪಟ್ಟಿಯನ್ನು ಮುಟ್ಟಿ ಮುಟ್ಟಿ ನೋಡಿದರು. "ಭಾರಿ ಐಟಮ್ಮು ಡಾಕ್ಟ್ರೇ. ನಾನೂ ತರಿಸ್ತೀನಿ. ಎಲ್ಲಿ ಸಿಗ್ತೈತೆ?"

ಎಂದೂ ನಗದ ನಮ್ಮ ಡಾಕ್ಟರು ಹಿಂದಿನ ಸೀಟಿನಿಂದ ತಲೆ ಹೊರಹಾಕಿ ಹೇಳಿದರು:

"ಮತ್ತೋಡಿನ ಕಡೆ ಸಿಗ್ತೈತೆ. ಆದ್ರೆ ಹೋಗಿ ಹೆರಿಗೆ ಮಾಡಿಸ್ಬೇಕ್ರಿ."