ನಮ್ಮ ಬಾಂಧವರನ್ನು ನುಂಗುವ ಬೂಟುಕೊಕ್ಕಿನವರಿಗೆ

ಜೊಂಡಿನ ನಡುವೆ ಸದಾ ನಿಂತೇ ಇರುವ ಮಾನ್ಯ ಬೂಟುಕೊಕ್ಕಿನ ಹಕ್ಕಿಯವರೇ,

ಮಬಂಬಾ ಜೌಗಿನ ದೋಣಿಗಾರ ಮುಬೀರು ಮಾಡುವ ಸಾಷ್ಟಾಂಗ ನಮಸ್ಕಾರಗಳು. ದೋಣಿಯಲ್ಲಿ ಸಾಷ್ಟಾಂಗ ಹಾಕಿದರೆ ದೋಣಿಯೇ ಮಗುಚುವುದರಿಂದ ಇದನ್ನು ಕಾಗದದಲ್ಲೇ ಸ್ವೀಕರಿಸಬೇಕು.

ತಾವು ಊಟಕ್ಕೆ ಕಾಯುವ ಶಿಸ್ತನ್ನು ಹೊಗಳಲು ಮಾತು ಸಾಲದು. ಬೆಳಗಿನಿಂದ ಕದಲದೆ ನಿಂತು, ಕೆಸರಿನೊಳಗಿನ ಮಂಬಾ ಮೀನು ಉಸಿರೆಳೆದುಕೊಳ್ಳಲು ಮೇಲೆ ಬಂದ ಕೂಡಲೇ ಮೈಚೆಲ್ಲಿ ಅದರ ಮೇಲೆ ಬಿದ್ದು, ಬಾಯಿಗೆ ಬಂದ ಕಳೆಯನ್ನು ಉಗಿದು, ಮೀನನ್ನು ನುಂಗಿ, ಮೇಲೊಂದು ಗುಟುಕು ನೀರು ಕುಡಿಯುವ ಆ ಅಚ್ಚುಕಟ್ಟು ನಮ್ಮೂರಿನ ದೊಡ್ಡ ಮನುಷ್ಯರಿಗೂ ಇಲ್ಲ. ತಕರಾರು ಒಂದೇ. ನಾನು ಮಂಬಾ ಕುಲದವನು. ಆ ಮೀನೇ ನಮ್ಮ ಕುಲದ ಗುರುತು, ನಮ್ಮ ಬಾಂಧವ, ನಾವು ಅದನ್ನು ತಿನ್ನುವಂತಿಲ್ಲ.

ಮೊನ್ನೆ ಪ್ರವಾಸಿಗರ ಜೊತೆ ಸೋದರತ್ತೆ ನಂಕ್ಯಾ ಕೂಡ ನನ್ನ ದೋಣಿಯಲ್ಲಿದ್ದರು. ತಾವು ಆಗಲೇ ಮಂಬಾ ನುಂಗಬೇಕಿತ್ತೇ? ಪ್ರವಾಸಿಗರು ಚಪ್ಪಾಳೆ ತಟ್ಟಿದರು. ಹೊಟ್ಟೆಪಾಡು, ನಾನೂ ತಟ್ಟಿದೆ.

"ನಿಮ್ಮ ದೊಡ್ಡಪ್ಪನ್ನ ನುಂಗಿದ್ರೂ ಹಿಂಗೇ ಚಪ್ಪಾಳೆ ಹೊಡೀತೀಯೇನೋ? ಹೆಣ್ಣು ಕೇಳೋಕೆ ನಾನು ಬರಲ್ಲ. ಆ ಹಕ್ಕಿನೇ ಕರ್ಕೊಂಡು ಹೋಗು," ಎಂದರು ಅತ್ತೆ.

ಈ ಶನಿವಾರ ಹೆಣ್ಣು ಕೇಳಲು ಪ್ರೊಸ್ಕೋವಿಯಾಳ ಮನೆಗೆ ಹೋಗಬೇಕು, ಸೋದರತ್ತೆಯಿಲ್ಲದೆ ನಮ್ಮ ಮನೆತನದಲ್ಲಿ ಯಾರೂ ಹೊರಡುವುದಿಲ್ಲ. ಪ್ರೊಸ್ಕೋವಿಯಾ ಇಲ್ಲದೆ ನಾನು ಬದುಕಲಾರೆ, ಸ್ವಾಮಿ. ಅವಳದು ನೀರುನಾಯಿ ಕುಲ, ನೀರುನಾಯಿಯೂ ಮಂಬಾ ತಿನ್ನುತ್ತದಲ್ಲ ಎಂದು ಅತ್ತೆಗೆ ಮೆಲ್ಲಗೆ ಹೇಳಿ ನೋಡಿದೆ.

"ಬೀಗರು ನಮ್ಮನ್ನ ತಿನ್ನೋದು ಇದ್ದಿದ್ದೇ ಕಣೋ. ಈ ಹಕ್ಕಿ ಯಾವ ಸೀಮೆ ಬೀಗ?" ಎಂದುಬಿಟ್ಟರು.

ಆದಕಾರಣ ತಾವೇ ದಯಮಾಡಿಸಿ, ಹೆಂಗಸರು ಉಡುವ ಗೊಮೆಸಿ ಉಟ್ಟು, ಅಲ್ಲಿ ಅತ್ತೆಗೆಂದು ಹಾಸುವ ಚಾಪೆಯ ಮೇಲೆ ಕೂರಬೇಕಾಗಿ ವಿನಂತಿ. ಗೊಮೆಸಿಯ ಎತ್ತಿದ ತೋಳು ತಮ್ಮ ಭುಜಕ್ಕೆ ಒಪ್ಪುತ್ತದೆ. ತಲೆಬಾಗುವುದು ತಮಗೆ ಗೊತ್ತಿದೆ, ಕೊಕ್ಕು ಕಟಕಟಿಸಿದರೆ ಹರಸಿದಂತಾಗುತ್ತದೆ, ಎಲ್ಲಕ್ಕಿಂತ ಮಿಗಿಲಾಗಿ ತಾವು ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡಿರಬಲ್ಲಿರಿ. ನಮ್ಮ ಅತ್ತೆಗೆ ಇದು ಈವರೆಗೆ ಕೈಗೂಡಿಲ್ಲ. ಊಟಕ್ಕೆ ಬೇಯಿಸಿದ ಮಟೋಕೆ ಬಾಳೆಕಾಯಿ ಇರುತ್ತದೆ. ದಯವಿಟ್ಟು ನಮ್ಮ ಕಡೆಯವರನ್ನು ಮಾತ್ರ ಹಸಿದ ಕಣ್ಣಿನಿಂದ ನೋಡಬಾರದು.

ಇಂತಿ, ಬಾಂಧವರನ್ನು ಕಳೆದುಕೊಳ್ಳುತ್ತಲೇ ಇರುವ,
ತಮ್ಮ ವಿಶ್ವಾಸಿ,
ಮುಬೀರು

ಮರೆತ ಮಾತು: ಪತ್ರವನ್ನು ಜೊಂಡಿಗೆ ಸಿಕ್ಕಿಸುವ ಮುನ್ನ ಅತ್ತೆಗೆ ಓದಿ ಹೇಳಿದೆ. "ನಾನು ಬದುಕಿರೋವಾಗ ನನ್ನ ಚಾಪೆ ಮೇಲೆ ಆ ಹಕ್ಕಿನಾ?" ಎನ್ನುತ್ತ ಅವರು ಗೊಮೆಸಿಗೆ ಇಸ್ತ್ರಿ ಹಾಕಲು ಕೂತಿದ್ದಾರೆ. ಆದ್ದರಿಂದ ತಾವು ಖಂಡಿತ ಬರಕೂಡದು. ನಿಂತಲ್ಲೇ ನಿಂತಿರಿ, ಅದು ತಮಗೆ ಚೆನ್ನಾಗಿ ಬರುತ್ತದೆ.