ಕಸ್ತೂರಿಗೆ ಪಟಾಕಿ ಅಂದರೆ ಭಯ

ಪೊಲೀಸ್ ನಾಯಿಯ ಹಗ್ಗ ಕೈಗೆ ಬಂದವನಿಗೆ ಫಜೀತಿ ತಪ್ಪಿದ್ದಲ್ಲ. ಕಳ್ಳತನವಾದ ಮನೆಗೆ ಹೋದರೂ ಅಷ್ಟೆ, ದಾರಿಯಲ್ಲಿ ನೀರು ಕುಡಿಸಲು ಜೀಪು ನಿಲ್ಲಿಸಿದರೂ ಅಷ್ಟೆ, ಏನಾದರೊಂದು ಆಗಿಯೇ ತೀರುತ್ತದೆ. ಮನೆಗೆ ಬಂದು ಹೇಳಿದರೆ ಹೆಂಡತಿ ನಂಬುವುದಿಲ್ಲ. "ನಿಮ್ಗೇ ಯಾಕೆ ಹಿಂಗೆಲ್ಲ ಆಗುತ್ತೆ?" ಅನ್ನುತ್ತಾಳೆ.

ನಾನು ಶ್ವಾನದಳದ ಹೆಡ್ ಕಾನ್ಸ್‌ಟೇಬಲ್. ಮಧುಗಿರಿಯಲ್ಲಿ ನಮಗೊಂದು ಶೆಡ್ಡು, ಒಂದು ಜೀಪು. ಶಿರಾ, ಕೊರಟಗೆರೆ, ಪಾವಗಡ, ಎಲ್ಲಿಂದ ಕರೆ ಬಂದರೂ ಹೊರಡಬೇಕು. ನನ್ನ ಜೊತೆಗಾರ್ತಿಯ ಹೆಸರು ಕಸ್ತೂರಿ. ಕರಿ ಮೈ, ಕಂದು ಹುಬ್ಬಿನ ಡಾಬರ್‌ಮನ್. ಅವಳನ್ನು ಮರಿಯಾಗಿ ನನ್ನ ಕೈಗೆ ಕೊಟ್ಟ ದಿನ ನಮ್ಮ ಸಾಹೇಬರು ಹೇಳಿದ್ದು ಒಂದೇ ಮಾತು. "ಕಳ್ಳ ಇವತ್ತು ಸಿಗದಿದ್ರೆ ನಾಳೆ ಹಿಡಿಯೋಣ. ನಾಯಿ ಮಾತ್ರ ಹೋದ ಹಾಗೇ ವಾಪಸ್ ಬರಬೇಕು."

ಕಳ್ಳನನ್ನು ಹುಡುಕುವುದು ಅವಳ ಕೆಲಸ, ಅವಳನ್ನು ಕಾಯುವುದು ನನ್ನ ಕೆಲಸ. ನನ್ನದೇ ಕಷ್ಟದ ಕೆಲಸವೆಂದು ಈಗಲೂ ಹೇಳುತ್ತೇನೆ. ಕಾದ ರಸ್ತೆ, ಲಾರಿ, ಬೀದಿನಾಯಿ, ಬಿಸ್ಕತ್ತು ಎಸೆಯುವವರು, ಬಾಲ ಎಳೆದು ಸೆಲ್ಫಿ ತೆಗೆಯುವವರು ಎಲ್ಲ ಒಟ್ಟಿಗೇ ಬರುತ್ತಾರೆ. ಜೊತೆಗೆ "ನಾಯಿ ತಾನೇ, ಬಿಡಿ" ಅನ್ನುವವರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಕಸ್ತೂರಿ ಈಗಿಲ್ಲ. ಮಣ್ಣು ಮಾಡಿ ಬಂದು ಹೆಚ್ಚು ದಿನವಾಗಿಲ್ಲ. ಅತ್ತರೆ ಹೆಂಡತಿಯೂ ಅಳುತ್ತಾಳೆಂದು ನಗುವ ಸಂಗತಿಗಳನ್ನೇ ನೆನಪು ಮಾಡಿಕೊಳ್ಳುತ್ತಿದ್ದೇನೆ.

ಸಾರಿಸಿದ ಮನೆ

ಐ.ಡಿ.ಹಳ್ಳಿ ಕಡೆ ಒಂದು ಮನೆಯ ಬೀಗ ಒಡೆದು ಒಡವೆ ಕದ್ದಿದ್ದರು. ಯಾರೂ ಏನನ್ನೂ ಮುಟ್ಟಬೇಡಿ ಎಂದು ಫೋನಿನಲ್ಲಿ ಹೇಳಿಯೇ ಹೊರಟಿದ್ದೆವು. ಕಳ್ಳ ತುಳಿದ ನೆಲ, ಮುಟ್ಟಿದ ಬೀಗ, ಇವುಗಳ ವಾಸನೆಯೇ ಕಸ್ತೂರಿಗೆ ದಾರಿ ತೋರಿಸಬೇಕು.

ಹೋಗಿ ನೋಡಿದರೆ ಅಂಗಳಕ್ಕೆ ಸಗಣಿ ಸಾರಿಸಿದೆ. ಬಾಗಿಲಿಗೆ ರಂಗೋಲಿ, ಹೊಸ್ತಿಲಿಗೆ ಅರಿಶಿನ ಕುಂಕುಮ. ಒಡೆದ ಹಿತ್ತಾಳೆ ಬೀಗ ಜಗಲಿಯ ಮೇಲೆ ಫಳಫಳ ಹೊಳೆಯುತ್ತಾ ಕೂತಿದೆ.

"ಯಾರಮ್ಮ ಇದನ್ನೆಲ್ಲ ತೊಳೆದಿದ್ದು?" ಎಂದು ಕೇಳಿದೆ.

ಮನೆಯ ಅಜ್ಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ನಾನೇ ಕಣಪ್ಪ. ದೊಡ್ಡೋರು ಬತ್ತಾರೆ, ಮನೆ ಇಂಗೈತಲ್ಲ, ಏನಂದ್ಕೊಂಡಾರು ಅಂತ ಸಾರಿಸ್ಬುಟ್ಟೆ. ಬೀಗಾನೂ ಉಣ್ಸೆಣ್ಣು ಆಕಿ ಉಜ್ಜಿವ್ನಿ."

ಕಸ್ತೂರಿ ಅಂಗಳವನ್ನೆಲ್ಲ ಮೂಸಿದಳು, ಬೀಗವನ್ನು ಮೂಸಿ ಸೀನಿದಳು, ಆಮೇಲೆ ನನ್ನ ಮುಖ ನೋಡಿದಳು. ಅಜ್ಜಿ ಅಷ್ಟರಲ್ಲಿ ಅವಳ ಹಣೆಗೆ ಕುಂಕುಮವಿಟ್ಟು, ಒಳಗಿಂದ ಬಿಸಿ ಮುದ್ದೆ, ಸೊಪ್ಪಿನ ಸಾರು ತಂದಿಟ್ಟರು. ಅವಳಿಗೊಂದು ತಟ್ಟೆ, ನನಗೊಂದು ತಟ್ಟೆ.

ನಮ್ಮ ನಾಯಿಗಳಿಗೆ ಹೊರಗಿನವರ ಕೈ ಊಟ ಕೊಡುವಂತಿಲ್ಲ. ಅಜ್ಜಿಯಂಥವರು ಮುದ್ದೆ ಕೊಡುತ್ತಾರೆ, ಇನ್ಯಾರೋ ಅದರಲ್ಲಿ ವಿಷ ಇಟ್ಟು ಕೊಡುತ್ತಾರೆ. ಎರಡೂ ಒಂದೇ ಥರ ಕಾಣುತ್ತವೆ. ಅವಳನ್ನು ಉಪವಾಸ ಕೂರಿಸಿ ನಾನೊಬ್ಬ ತಿನ್ನಲು ಮನಸ್ಸು ಒಪ್ಪಲಿಲ್ಲ. "ಇಬ್ಬರಿಗೂ ಬೇಡ ಅಜ್ಜಿ" ಎಂದು ಕೈ ಮುಗಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗಿನವರೆಗೂ ನೋಡಿ ಪಕ್ಕದ ಮನೆಯ ಹೆಂಗಸನ್ನು ಕೂಗಿದರು. "ಬಾರಮ್ಮೀ ಇಲ್ಲಿ! ಊಟ ಬ್ಯಾಡ ಅಂತಾವ್ನೆ. ಇವ್ನು ದಿಟವಾಗ್ಲೂ ಪೋಲೀಸ್ನೋನೇನಾ ಒಸಿ ಕೇಳು!"

ಶಿರಾದ ಕೊಡೆ

ಬೇಸಿಗೆಯಲ್ಲಿ ಒಮ್ಮೆ ಶಿರಾದ ಕಡಲೇಕಾಯಿ ಮಂಡಿಯೊಂದಕ್ಕೆ ಕರೆದಿದ್ದರು. ಕೆಲಸ ಮುಗಿಯುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ಜೀಪು ದೂರದಲ್ಲಿತ್ತು. ಕಸ್ತೂರಿ ರಸ್ತೆಗೆ ಕಾಲಿಟ್ಟವಳೇ ಒಂದೊಂದೇ ಕಾಲು ಎತ್ತತೊಡಗಿದಳು. ನಾಯಿ ಅಂಗಾಲು ಸುಟ್ಟುಕೊಂಡರೆ ವಾರಗಟ್ಟಲೆ ಮಲಗುತ್ತದೆ. ಅಂಗಡಿ ನೆರಳಿಗೆ ಎಳೆದುಕೊಂಡು ನನ್ನ ಕಾಲುಚೀಲ ಬಿಚ್ಚಿ ಅವಳ ಮುಂಗಾಲುಗಳಿಗೆ ಹಾಕಿದೆ. ಜೊತೆಗಿದ್ದ ಡ್ರೈವರನ ಕಾಲುಚೀಲ ಹಿಂಗಾಲುಗಳಿಗೆ ಬಂತು. ಅವನದು ಹೂವಿನ ಚಿತ್ರದ್ದು. ಸುತ್ತ ನಿಂತ ಜನ ಸಹಾಯಕ್ಕೆ ಬರಲಿಲ್ಲ, ಮೊಬೈಲು ತೆಗೆದು ವಿಡಿಯೊ ಮಾಡಿದರು.

ಹಣ್ಣಿನ ತಳ್ಳುಗಾಡಿಯ ಮುದುಕರೊಬ್ಬರು ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಾಡಿಯ ದೊಡ್ಡ ಕೊಡೆಯನ್ನು ಕಿತ್ತು ತಂದು ಕಸ್ತೂರಿಯ ಮೇಲೆ ಹಿಡಿದರು. "ಚಲೋ ಸಾಬ್, ಜೀಪ್ ತಕ ನಾನೇ ಬತ್ತೀನಿ. ಜಾನ್ವರ್ ಐತೆ, ಪಾಪ, ಬಾಯ್ಬಿಟ್ಟು ಹೇಳಕ್ಕಾಗಲ್ಲ."

ಹಾಗೆ ಕಾಲುಚೀಲ ಹಾಕಿಕೊಂಡ ಕಸ್ತೂರಿ ಕೊಡೆಯ ಕೆಳಗೆ ಮದುಮಗಳ ಹಾಗೆ ನಡೆದಳು. ಹಿಂದೆ ನಾವು ಬಿಸಿಲಲ್ಲಿ. ಅಲ್ಲಿನ ಇನ್ಸ್‌ಪೆಕ್ಟರು ಬೆವರು ಒರೆಸಿಕೊಳ್ಳುತ್ತಾ, "ಏನ್ ಸಾಬ್ರೇ, ನಮಗೂ ಸ್ವಲ್ಪ ನೆರಳು ಕೊಡಬಾರದಾ?" ಅಂದರು.

ಮುದುಕರು ಕೊಡೆ ಒಂದಿಷ್ಟೂ ಅಲುಗಿಸಲಿಲ್ಲ. "ನಿಮ್ಗೆ ಟೋಪಿ ಐತೆ, ಬೂಟ್ ಐತೆ, ಸರ್ಕಾರ ಐತೆ. ಇವ್ಳಿಗೆ ಕಾಲ್ಗೆ ಡ್ರೈವರ್‌ದು ಮೋಜಾ ಒಂದೇ ಐತೆ ಸಾಬ್!"

ಹೆಗಲ ಮೇಲಿನ ಪೊಲೀಸು

ಕಳ್ಳಂಬೆಳ್ಳದ ಹತ್ತಿರದ ಹಳ್ಳಿಯಲ್ಲಿ ಕುರಿ ಕಳುವಾಗಿತ್ತು. ಕಸ್ತೂರಿ ವಾಸನೆ ಹಿಡಿದು ಕೆರೆ ಏರಿಯತ್ತ ಹೊರಟಳು. ಊರು ದಾಟುವ ಜಾಗದಲ್ಲಿ ಬೀದಿನಾಯಿಗಳ ಹಿಂಡು ಸುತ್ತುವರಿಯಿತು. ಹೊರಗಿನವಳು ಬಂದಿದ್ದಾಳೆಂಬ ಸಿಟ್ಟು ಅವಕ್ಕೆ. ಅವುಗಳ ತಪ್ಪಲ್ಲ, ಅದು ಅವುಗಳ ಊರು. ಕಸ್ತೂರಿ ಕೆಲಸದಲ್ಲಿದ್ದಾಗ ತಲೆಯೆತ್ತಿ ಯಾರನ್ನೂ ನೋಡುತ್ತಿರಲಿಲ್ಲ. ಒಂದು ನಾಯಿ ಅವಳ ಕಿವಿಯನ್ನು ಹರಿದೇಬಿಟ್ಟಿತು.

ರಕ್ತ ಕಂಡೆ. ಹಿಂದೆಮುಂದೆ ನೋಡದೆ ಅವಳನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡೆ. ಕೆಳಗೆ ನಾಯಿಗಳು ನನ್ನ ಪ್ಯಾಂಟು ಎಳೆಯುತ್ತಿವೆ, ಮೇಲೆ ಕಸ್ತೂರಿ ಇನ್ನೂ ಏರಿಯ ಕಡೆಗೇ ಮೂಗು ಚಾಚುತ್ತಿದ್ದಾಳೆ.

ಕುರಿ ಕಳೆದುಕೊಂಡಿದ್ದ ಅಮ್ಮ ಕೋಲು ಬೀಸುತ್ತಾ ಬಂದು ಹಿಂಡನ್ನು ಚದುರಿಸಿದರು. ತಮ್ಮ ಸೆರಗಿನ ಅಂಚನ್ನೇ ಹರಿದು ಕಸ್ತೂರಿಯ ಕಿವಿ ಒತ್ತಿ ಹಿಡಿದರು. "ಕುರಿ ಓದ್ರೆ ಓಯ್ತು ಬುಡು ಮಗ, ಇದನ್ನ ಮೊದ್ಲು ಡಾಕ್ಟ್ರತ್ರ ಕರ್ಕಂಡೋಗು" ಅಂದರು. ನನ್ನ ಕಣ್ಣು ತುಂಬಿ ಬಂತು. ಕುರಿಯೇ ಅವರ ಬದುಕು, ಆದರೂ ಆ ಮಾತು ಹೇಳಿದರು.

ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಮತ್ತೆ ಅವರ ದನಿ ಕೇಳಿಸಿತು. "ಅಲ್ಲ ಕಣ್ಲಾ ಮಗ, ಕಳ್ಳನ ಇಡಿಯಾಕೆ ನಾಯಿ ತತ್ತಾರೆ ಅಂದಿದ್ರು. ನಾಯಿನ ಒರಾಕೆ ನಿನ್ನ ಕಳ್ಸವ್ರಾ?"

ಲಾಕಪ್ಪಿನಲ್ಲಿ ಇಬ್ಬರು

ಕಳ್ಳರಿಗೆ, ಕತ್ತಿಗೆ, ಕತ್ತಲೆಗೆ ಹೆದರದ ಕಸ್ತೂರಿ ಪಟಾಕಿಗೆ ಹೆದರುತ್ತಿದ್ದಳು. ನಮಗೆ ಕೇಳುವುದಕ್ಕಿಂತ ಎಷ್ಟೋ ಹೆಚ್ಚು ನಾಯಿಗಳಿಗೆ ಕೇಳುತ್ತದೆ. ಪಟಾಕಿ ಹಚ್ಚುವವರಿಗೆ ಇದನ್ನು ಹೇಳಿ ಹೇಳಿ ಸಾಕಾಯಿತು. ದೀಪಾವಳಿಯಲ್ಲಿ ಅವಳನ್ನು ಒಳಗೆ ಕೂರಿಸಿ, ಎರಡೂ ಕಿವಿ ಅಂಗೈಯಲ್ಲಿ ಮುಚ್ಚಿ ಹಿಡಿದುಕೊಳ್ಳುತ್ತಿದ್ದೆ.

ಕೊರಟಗೆರೆ ಕಡೆ ಗಣೇಶನ ಮೆರವಣಿಗೆಯ ಬಂದೋಬಸ್ತಿಗೆ ಹೋಗಿದ್ದಾಗ ಯಾರೋ ಪುಣ್ಯಾತ್ಮ ಅವಳ ಕಾಲಬುಡದಲ್ಲೇ ಸರಪಟಾಕಿ ಹಚ್ಚಿದ. ಅವಳು ಎಗರಿದ ರಭಸಕ್ಕೆ ಹಗ್ಗ ನನ್ನ ಕೈಯಿಂದ ಕಿತ್ತುಹೋಯಿತು. ಜನ, ಡೊಳ್ಳು, ಟ್ರ್ಯಾಕ್ಟರು. ಅದರ ನಡುವೆ ಹುಚ್ಚನ ಹಾಗೆ ಅವಳ ಹೆಸರು ಕೂಗುತ್ತಾ ಓಡಿದೆ. ಯಾವುದಾದರೂ ಗಾಡಿಯ ಕೆಳಗೆ ಸಿಕ್ಕಿದ್ದರೆ ಎಂದು ಒಂದೊಂದು ಟ್ರ್ಯಾಕ್ಟರಿನ ಕೆಳಗೂ ಬಗ್ಗಿ ನೋಡಿದೆ. ಆಗ ಠಾಣೆಯಿಂದ ಫೋನು. "ನಿಮ್ ಕಸ್ತೂರಿ ಇಲ್ಲೇ ಅವ್ಳೆ, ಬೇಗ ಬನ್ನಿ."

ಠಾಣೆಯಲ್ಲಿ ಪಾವಗಡದ ಕಡೆಯವನೊಬ್ಬ, ಮಾತಿಗೆ ತೆಲುಗು ಬೆರೆಸುವವನು, ಲಾಕಪ್ಪಿನಲ್ಲಿದ್ದ. ಬೋರ್‌ವೆಲ್ಲುಗಳ ಕೇಬಲ್ ಕದ್ದ ಅನುಮಾನ. ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. ಅವನಿಗೆ ಟೀ ಕೊಡಲು ಬಾಗಿಲು ತೆರೆದ ಹೊತ್ತಿಗೆ ಸರಿಯಾಗಿ ಕಸ್ತೂರಿ ಒಳಗೆ ನುಗ್ಗಿದ್ದಾಳೆ. ಆ ಗದ್ದಲದಲ್ಲಿ ಮೂರು ಕಡೆ ಗೋಡೆಯಿದ್ದ ಜಾಗ ಅದೊಂದೇ. ನುಗ್ಗಿದವಳು ನೇರವಾಗಿ ಅವನ ತೊಡೆಯ ಮೇಲೆ ತಲೆಯಿಟ್ಟಿದ್ದಾಳೆ. ತನ್ನ ವಾಸನೆ ಹಿಡಿದೇ ಬಂದಳೆಂದು ಅವನು ನಡುಗುತ್ತಾ ಎಲ್ಲ ಒಪ್ಪಿಕೊಂಡಿದ್ದಾನೆ. ಪೊಲೀಸರಿಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು, ಚಿಕ್ಕಂದಿನಲ್ಲಿ ಕದ್ದ ಮಾವಿನಕಾಯಿ, ಎಲ್ಲ.

ನಾನು ಹೋದಾಗ ಇಬ್ಬರೂ ಒಬ್ಬರಿಗೊಬ್ಬರು ಒತ್ತಿಕೊಂಡು ನಡುಗುತ್ತಿದ್ದರು. ಅವಳ ಕಿವಿ ಮುಚ್ಚಿ ಕೂತೆ. "ಹೆದರಬೇಡಪ್ಪ, ಅವಳು ನಿನಗೋಸ್ಕರ ಬಂದಿಲ್ಲ. ಪಟಾಕಿ ಸದ್ದಿಗೆ ಭಯ ಬಿದ್ದು ಬಂದಿದ್ದಾಳೆ" ಅಂದೆ.

ಅವನು ಅಳುಮುಖ ಮಾಡಿಕೊಂಡು ನನ್ನ ನೋಡಿದ. "ಅಯ್ಯೋ ಸಾಮೀ, ಈ ಮಾತು ಮೊದ್ಲೇ ಚೆಪ್ಪಬಾರದಾ!"

ಕೊನೆಯ ಸಲಾಮು

ಮೂತ್ರಪಿಂಡದ ಕಾಯಿಲೆ ಕಸ್ತೂರಿಯನ್ನು ನಿಧಾನಕ್ಕೆ ತಿಂದಿತು. ಡಾಕ್ಟರು ಮಾಡಬೇಕಾದ್ದೆಲ್ಲ ಮಾಡಿದರು. ಒಂದು ಬೆಳಿಗ್ಗೆ ನನ್ನ ಕೈಗೆ ಮೂಗೊತ್ತಿಕೊಂಡು ಹೋಗಿಬಿಟ್ಟಳು. ಕಳ್ಳ, ಲಾರಿ, ವಿಷ, ಬಿಸಿಲು ಎಲ್ಲದರಿಂದ ವಾಪಸ್ ಕರೆದುಕೊಂಡು ಬಂದಿದ್ದೆ. ಇದೊಂದರಿಂದ ತರಲಾಗಲಿಲ್ಲ.

ಸಾಹೇಬರು ಪೂರ್ತಿ ಗೌರವದಿಂದಲೇ ಕಳಿಸಬೇಕೆಂದರು. ಶೆಡ್ಡಿನ ಅಂಗಳದಲ್ಲಿ ಬಿಳಿ ಬಟ್ಟೆಯ ಮೇಲೆ ಮಲಗಿಸಿದೆವು. ಹೂವು, ಸಾಲಾಗಿ ನಿಂತ ಸಿಬ್ಬಂದಿ, ಬಂದೂಕು ಹಿಡಿದವರು. ಬೇಲಿಯ ಆಚೆ ಒಬ್ಬ, "ನಾಯಿಗೆ ಇಷ್ಟೆಲ್ಲಾನಾ?" ಎಂದದ್ದು ಕಿವಿಗೆ ಬಿತ್ತು. ಬೇರೆ ದಿನವಾಗಿದ್ದರೆ ಜಗಳಕ್ಕೇ ಹೋಗುತ್ತಿದ್ದೆ.

ಜನರ ನಡುವೆ ಆ ಕೇಬಲ್ ಕಳ್ಳನೂ ಬಂದಿದ್ದ. ಶಿಕ್ಷೆ ಮುಗಿಸಿ ಈಗ ಪಾವಗಡದಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ವಾಟ್ಸಾಪಿನಲ್ಲಿ ಸುದ್ದಿ ನೋಡಿ ಹಾರ ಹಿಡಿದು ಬಸ್ಸಿಗೆ ಬಂದಿದ್ದಾನೆ. ಆದರೆ ಹತ್ತಿರ ಬರಲೊಲ್ಲ. ಕರೆದರೆ, "ಬ್ಯಾಡ ಸಾಮೀ, ಎದ್ದೇಳ್ತಾಳೇನೋ ಅನ್ಸುತ್ತೆ" ಎಂದು ಅಲ್ಲೇ ನಿಂತ.

ಬಂದೂಕುಗಳು ಆಕಾಶಕ್ಕೆ ಏರಿದವು. ಸಾಹೇಬರು ಆಜ್ಞೆ ಕೊಡಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಅವನು ಹಾರ ಎತ್ತಿ ಹಿಡಿದು ಕೂಗಿದ.

"ಆಗಂಡಿ ಸಾಮೀ, ಒಂದ್ನಿಮಿಷ! ಅವಳಿಗೆ ಪಟಾಕಿ ಸದ್ದು ಆಗಲ್ಲ! ಯಾರಾದ್ರೂ ಕಿವಿ ಮುಚ್ಚಿ!"

ಯಾರೂ ನಗಲಿಲ್ಲ. ಸಾಹೇಬರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಮೆಲ್ಲಗೆ ತಲೆಯಾಡಿಸಿದರು. ನಾನು ಸಾಲಿನಿಂದ ಹೊರಬಂದು ಮಂಡಿಯೂರಿ ಅವಳ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿದೆ. ಹರಿದ ಕಿವಿಯ ಗಾಯದ ಗೆರೆ ಬೆರಳಿಗೆ ತಾಕಿತು. ಆಮೇಲೆ ಗುಂಡು ಹಾರಿದವು.

ಹೊಗೆ ಕರಗಿದಾಗ ತಲೆಯೆತ್ತಿ ನೋಡಿದೆ. ಅವನು ಹಾರದ ಸಮೇತ ನಮ್ಮ ಡ್ರೈವರನ ಬೆನ್ನಿಗೆ ಅಂಟಿಕೊಂಡು ನಿಂತಿದ್ದ. ನಿಧಾನಕ್ಕೆ ಬಿಡಿಸಿಕೊಂಡು, ಕೊನೆಗೂ ಹತ್ತಿರ ಬಂದು, ಹಾರವನ್ನು ಅವಳ ಕೊರಳ ಮೇಲಿಟ್ಟ.

"ಇವತ್ತು ನಡುಗಲಿಲ್ಲ ಅಲ್ವಾ ಸಾಮೀ?" ಎಂದು ಪಿಸುಗುಟ್ಟಿದ.

"ಇಲ್ಲಪ್ಪ" ಅಂದೆ.

"ಇಬ್ಬರ ಪಾಲಿಂದೂ ನಾನೇ ನಡುಗಿಬಿಟ್ಟೆ ಸಾಮೀ" ಅಂದ. ಅಳುತ್ತಿದ್ದ ನಾನು ನಕ್ಕುಬಿಟ್ಟೆ. ಕೈ ಮಾತ್ರ ಅವಳ ಕಿವಿಯ ಮೇಲೇ ಇತ್ತು.